ಬುಟ್ಟಿಯನ್ನು ಮಗುವಿನ ಅಳತೆಗೆ ಇಳಿಸಿ

‘ಬ್ಯಾಸ್ಕೆಟ್‌ಬಾಲ್‌ಗೆ ಸೇರಿಸಿದ್ರೆ ಮಗು ಉದ್ದ ಆಗುತ್ತಂತೆ!’

ಬೇಸಿಗೆ ಶಿಬಿರದ ಹೊತ್ತಿಗೆ ಅಪ್ಪ–ಅಮ್ಮಂದಿರು ಹೀಗೆ ಹೇಳುವುದುಂಟು. ಎತ್ತರವನ್ನು ಬಹುಮಟ್ಟಿಗೆ ತೀರ್ಮಾನಿಸುವುದು ವಂಶವಾಹಿ. ಜೊತೆಗೆ ಊಟ, ನಿದ್ದೆ, ಆರೋಗ್ಯ. ಆಟ ಮಗುವನ್ನು ಉದ್ದವಾಗಿಸದು. ಅದು ಕೊಡುವ ಲಾಭವೇ ಬೇರೆ.

ಚೆಂಡು ಪುಟಿಸುವ ಪುಟಾಣಿಯನ್ನು ಗಮನಿಸಿ. ಮೊದಮೊದಲು ಕಣ್ಣು ಚೆಂಡಿಗೇ ಅಂಟಿರುತ್ತದೆ. ದಿನ ಕಳೆದಂತೆ ಅಂಗೈಗೆ ಲಯ ಸಿಕ್ಕಿ ತಲೆ ಮೇಲೇಳುತ್ತದೆ; ಕಣ್ಣು ಜೊತೆಗಾರರನ್ನು ಹುಡುಕತೊಡಗುತ್ತದೆ. ಎಡಗೈಯೂ ಪಳಗುತ್ತದೆ. ಓಡುತ್ತಲೇ ಗಕ್ಕನೆ ನಿಂತು ತಿರುಗುವಾಗ ಮೈ ಸಮತೋಲನ ಕಲಿಯುತ್ತದೆ. ಜಿಗಿದು ಇಳಿಯುವಾಗ ಬೀಳುವ ಭಾರ ಮೂಳೆಯನ್ನು ಗಟ್ಟಿ ಮಾಡುತ್ತದೆ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯುವ ಚಟುವಟಿಕೆ ಬೇಕು, ವಾರದಲ್ಲಿ ಕನಿಷ್ಠ 3 ದಿನ ಅದು ಮೂಳೆ–ಸ್ನಾಯುಗಳಿಗೆ ಬಲ ಕೊಡುವಂತಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಮನಸ್ಸಿಗೂ ಇಲ್ಲಿ ಪಾಠವಿದೆ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ಈ ಆಟಕ್ಕೆ 13 ನಿಯಮಗಳನ್ನು ಬರೆದರು. ಚೆಂಡು ಹಿಡಿದವರು ಓಡುವಂತಿಲ್ಲ ಎಂಬುದು ಅವುಗಳಲ್ಲೊಂದು. ಪುಟಿಸುತ್ತ ಸಾಗುವುದು ಆಮೇಲೆ ಬಂತು. ಇವತ್ತಿಗೂ ಚೆಂಡನ್ನು ಅವುಚಿಕೊಂಡು ಓಡುವಂತಿಲ್ಲ; ಪುಟಿಸಬೇಕು, ಇಲ್ಲವೇ ಜೊತೆಗಾರರಿಗೆ ದಾಟಿಸಬೇಕು. ‘ಇದು ನಂದು’ ಎಂದು ಹಟ ಹಿಡಿಯುವ ವಯಸ್ಸಿನ ಮಗು ಅಂಗಳದಲ್ಲಿ ‘ತಗೋ’ ಎನ್ನಲು ಕಲಿಯುತ್ತದೆ.

ಆದರೆ ನಾವು ಮಾಡುವ ತಪ್ಪೊಂದಿದೆ. ದೊಡ್ಡವರ ಚೆಂಡನ್ನೇ ಕೊಟ್ಟು, 10 ಅಡಿ ಮೇಲಿನ ರಿಂಗ್ ತೋರಿಸುತ್ತೇವೆ. ಮಗು ಸೊಂಟದಿಂದ ಜೋರಾಗಿ ತೂರುತ್ತದೆ, ಚೆಂಡು ಬಲೆ ಮುಟ್ಟುವುದಿಲ್ಲ. ಎಸೆಯುವ ರೀತಿ ಕೆಡುತ್ತದೆ, ಉತ್ಸಾಹವೂ ಬತ್ತುತ್ತದೆ. ಅಸಲಿಗೆ ಆ 10 ಅಡಿ ಬಂದದ್ದಾದರೂ ಎಲ್ಲಿಂದ? ನೈಸ್ಮಿತ್ ಪೀಚ್ ಹಣ್ಣಿನ ಬುಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಿದ ಬಾಲ್ಕನಿ ಕಂಬಿ ಅಷ್ಟು ಎತ್ತರದಲ್ಲಿತ್ತು! ಮಕ್ಕಳ ಅಳತೆ ನೋಡಿ ಇಟ್ಟದ್ದಲ್ಲ. ಅದಕ್ಕೇ 1950ರ ಸುಮಾರಿಗೆ ಅಮೆರಿಕದ ಶಿಕ್ಷಕ ಜೇ ಆರ್ಚರ್ ಮಕ್ಕಳಿಗಾಗಿ ರಿಂಗನ್ನು ತಗ್ಗಿಸಿದರು. ಇಂದಿನ ಮಿನಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅದರ ಎತ್ತರ 2.60 ಮೀಟರ್, ಚೆಂಡು 5ನೇ ಅಳತೆಯದು. ಇನ್ನೂ ಚಿಕ್ಕವರಿಗೆ ಅದಕ್ಕೂ ಹಗುರ ಚೆಂಡು ಸಾಕು.

ಮೈ ಬಿಸಿ ಮಾಡಿಕೊಂಡು, ಹಿಡಿತವಿರುವ ಶೂ ಹಾಕಿ ಆಡಲಿ. ಕೋರ್ಟ್ ಹತ್ತಿರದಲ್ಲಿಲ್ಲವೇ? ಕಾಂಪೌಂಡ್ ಗೋಡೆಗೆ, ಮಗು ಚೆಂಡು ಹಾಕಬಲ್ಲ ಎತ್ತರದಲ್ಲಿ, ತಳವಿಲ್ಲದ ಬುಟ್ಟಿಯೊಂದನ್ನು ಕಟ್ಟಿ. ಮಗು ಬೆಳೆದಂತೆ ಅದನ್ನೂ ಒಂದೊಂದೇ ಗೇಣು ಏರಿಸುತ್ತ ಹೋಗಿ.