ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ ಕಬ್ಬಿಣದ ಕಣಗಳು

ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯಲ್ಲಿ ಸಿಮೆಂಟು ಕಾರ್ಖಾನೆಯಿದೆ. ಸಿಮೆಂಟಿನಿಂದ ಕಟ್ಟುವ ಇಂದಿನ ಮನೆಗಳಿಗೆ ಅಲ್ಯೂಮಿನಿಯಂ ಕಿಟಕಿಗಳು ಸಾಮಾನ್ಯವಾಗಿವೆ. ಒಂದೇ ತೊಟ್ಟಿಯಲ್ಲಿ ಆನೊಡೀಕರಣ ಮಾಡಿದ ಎರಡು ಚೌಕಟ್ಟುಗಳಲ್ಲಿ ಒಂದು ಬೆಳ್ಳಿಯಂತೆ ಹೊಳೆದು, ಮತ್ತೊಂದು ಬೂದುಬಣ್ಣ ತಳೆಯುವುದುಂಟು. ಇದಕ್ಕೆ ಅನೇಕ ವೇಳೆ ಲೋಹದೊಳಗೆ ಅಡಗಿರುವ, ಕಣ್ಣಿಗೆ ಕಾಣದ ಕಬ್ಬಿಣಯುಕ್ತ ಕಣಗಳೇ ಕಾರಣ. ಅವುಗಳ ವರ್ತನೆಯನ್ನು ನಾವಿಲ್ಲಿ ಸಂಕ್ಷೇಪವಾಗಿ ವಿವೇಚಿಸೋಣ.

ಬೆಳಗಾವಿಯ ಕಾರ್ಖಾನೆಯಲ್ಲಿ ಬಾಕ್ಸೈಟನ್ನು ಕಾಸ್ಟಿಕ್ ಸೋಡಾದಲ್ಲಿ ಕರಗಿಸಿ ಅಲ್ಯೂಮಿನಾವನ್ನು ಪಡೆಯುತ್ತಾರೆ. ಅದಿರಿನ ಕಬ್ಬಿಣದ ಬಹುಭಾಗ ಕೆಂಪು ಕೆಸರಾಗಿ ಹೊರಗುಳಿಯುತ್ತದೆ. ಆದರೂ ಅಲ್ಪಸ್ವಲ್ಪ ಕಬ್ಬಿಣ ಮುಂದಿನ ಘಟ್ಟಗಳಲ್ಲಿ, ಕುಲುಮೆಯ ಉಪಕರಣಗಳಿಂದಲೂ ಗುಜರಿಯೊಡನೆ ಬರುವ ಉಕ್ಕಿನ ತಿರುಪುಗಳಿಂದಲೂ, ಲೋಹವನ್ನು ಸೇರುತ್ತದೆ. ದ್ರವರೂಪದ ಅಲ್ಯೂಮಿನಿಯಂ ಕಬ್ಬಿಣವನ್ನು ಸುಲಭವಾಗಿ ಕರಗಿಸಿಕೊಳ್ಳುತ್ತದೆ. ಘನರೂಪದಲ್ಲಾದರೋ 655 ಡಿಗ್ರಿ ಸೆಂಟಿಗ್ರೇಡಿನಲ್ಲಿಯೂ ಶೇಕಡಾ 0.05ರಷ್ಟನ್ನು ಮಾತ್ರ ಧರಿಸಬಲ್ಲದು. ಮಿಕ್ಕದ್ದು ಅಲ್ಯೂಮಿನಿಯಂ, ಸಿಲಿಕಾನ್ ಮುಂತಾದುವುಗಳೊಡನೆ ಸಂಯೋಗಗೊಂಡು ಗಡಸಾದ ಕಣಗಳಾಗಿ ಬೇರ್ಪಡುತ್ತದೆ.

ಅಲ್ಯೂಮಿನಿಯಂ ಸ್ವಭಾವತಃ ಚುರುಕಾದ ಲೋಹ. ಅದರ ಮೇಲಿನ ತೆಳುವಾದ ಆಕ್ಸೈಡು ಪದರವೇ ಅದಕ್ಕೆ ರಕ್ಷಾಕವಚ. ನೂರು ಮಿಲಿಮೋಲಾರ್ ಉಪ್ಪಿನ ದ್ರಾವಣದಲ್ಲಿ ಕ್ಯಾಲೊಮೆಲ್ ವಿದ್ಯುದಗ್ರಕ್ಕೆ ಹೋಲಿಸಿದಾಗ ಶುದ್ಧ ಅಲ್ಯೂಮಿನಿಯಮ್ಮಿನ ವಿಭವ ಸುಮಾರು -0.82 ವೋಲ್ಟು, ಅಲ್ಯೂಮಿನಿಯಂ-ಕಬ್ಬಿಣದ ಕಣದ ವಿಭವ ಸುಮಾರು -0.54 ವೋಲ್ಟು. ಆದುದರಿಂದ ತೇವವಿದ್ದೆಡೆ ಕಣವು ಋಣಾಗ್ರವಾಗಿಯೂ ಸುತ್ತಲಿನ ಲೋಹವು ಧನಾಗ್ರವಾಗಿಯೂ ಕೆಲಸಮಾಡಿ ಒಂದು ಪುಟ್ಟ ವಿದ್ಯುತ್ಕೋಶ ಏರ್ಪಡುತ್ತದೆ. ಕಣದ ಮೇಲೆ ಆಮ್ಲಜನಕವು ಅಪಕರ್ಷಣಗೊಂಡಾಗ ಕ್ಷಾರ ಉತ್ಪತ್ತಿಯಾಗುತ್ತದೆ. ಆಕ್ಸೈಡು ಪದರವು ಕ್ಷಾರವನ್ನು ತಾಳಲಾರದು. ಕಣದ ಸುತ್ತ ಲೋಹ ಕರಗಿ ಕಂದಕವಾಗುತ್ತದೆ. ಕೊನೆಗೆ ಕಣ ಉದುರಿ ಕುಳಿಯೊಂದು ಉಳಿಯುತ್ತದೆ. ಕಿಟಕಿಯಲ್ಲಿ ಈ ಕುಳಿ ಕೇವಲ ಕಲೆ. ವಿಮಾನದ ರೆಕ್ಕೆಯಲ್ಲಿಯಾದರೆ ಬಾರಿಬಾರಿಯ ಒತ್ತಡದಲ್ಲಿ ಬಿರುಕು ಹುಟ್ಟುವ ತಾಣ.

ಆನೊಡೀಕರಣದಲ್ಲಿ ಲೋಹವನ್ನು ಶೇಕಡಾ 15ರಿಂದ 20ರಷ್ಟಿರುವ ಗಂಧಕಾಮ್ಲದಲ್ಲಿ ಧನಾಗ್ರವಾಗಿ ಇರಿಸಿ, ಸುಮಾರು 20 ಡಿಗ್ರಿ ಉಷ್ಣತೆಯಲ್ಲಿ ವಿದ್ಯುತ್ತನ್ನು ಹಾಯಿಸುತ್ತಾರೆ. ಇಲ್ಲಿ ಪದರವು ಹೊರಗಿನಿಂದ ಬಂದು ಕೂರುವ ಬಣ್ಣವಲ್ಲ; ಲೋಹದಿಂದಲೇ ಬೆಳೆಯುವ ಸೂಕ್ಷ್ಮರಂಧ್ರಯುಕ್ತ ಆಕ್ಸೈಡು. ಕಬ್ಬಿಣದ ಕಣವು ಸುತ್ತಲಿನ ಲೋಹದಂತೆ ಸಮವಾಗಿ ಆಕ್ಸೈಡಾಗದೆ, ಅರೆಬರೆಯಾಗಿ ಪದರದೊಳಗೆ ಸಿಲುಕಿಕೊಳ್ಳುತ್ತದೆ. ಅಂಥ ಕಣಗಳು ಬೆಳಕನ್ನು ಚದುರಿಸಿ ಹೊಳಪನ್ನು ಕುಂದಿಸುತ್ತವೆ. ಅವುಗಳ ಬಳಿ ಉಳಿದ ತೆರಪುಗಳು ಉಪ್ಪುನೀರಿಗೆ ದಾರಿಯಾಗುತ್ತವೆ. ಬಿಸಿನೀರಿನಲ್ಲಿ ಅದ್ದಿ ರಂಧ್ರಗಳನ್ನು ಮುಚ್ಚಿದರೂ ಈ ದೊಡ್ಡ ದೋಷಗಳು ಪೂರ್ತಿ ಮಾಯುವುದಿಲ್ಲ. ದೋಷವಿಲ್ಲದ ಪದರವನ್ನೂ ಹಸಿಯ ಗಾರೆಯ ಕ್ಷಾರ ಕೆಡಿಸಬಲ್ಲದು. ಮನೆ ಕಟ್ಟುವಾಗ ಚೌಕಟ್ಟನ್ನು ಹೊದಿಸಿಡುವುದು ಅಗತ್ಯ.

ಪರಿಹಾರವೇನು? ಕಿಟಕಿಗಳಿಗೆ ಬಳಸುವ 6063 ಮಿಶ್ರಲೋಹದಲ್ಲಿ ಕಬ್ಬಿಣದ ಗರಿಷ್ಠ ಮಿತಿ ಶೇಕಡಾ 0.35. ವಿಮಾನಗಳ 7075ರಲ್ಲಿ ಮಿತಿ 0.5 ಇದ್ದರೆ, ಅದರಿಂದ ರೂಪಿಸಿದ 7475ರಲ್ಲಿ ಕೇವಲ 0.12. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ ಆರಂಭವಾದಂದಿನಿಂದ ಇಂಥ ಲೋಹಗಳ ಗುಣ ನಮ್ಮ ನಾಡಿಗೂ ಪ್ರಸ್ತುತವಾಗಿದೆ. ಮ್ಯಾಂಗನೀಸನ್ನು ಬೆರೆಸಿದರೆ ಸೂಜಿಯಂಥ ಕಣಗಳು ಅಪಾಯ ಕಡಿಮೆಯಾದ ಆಕಾರ ತಳೆಯುತ್ತವೆ. ಆದರೆ ಒಮ್ಮೆ ಕರಗಿದ ಕಬ್ಬಿಣವನ್ನು ಹೊರತೆಗೆಯುವುದು ಬಹು ಕಷ್ಟ. ಗುಜರಿಯನ್ನು ಮರಳಿ ಬಳಸಿದರೆ ವಿದ್ಯುತ್ತು ಬಹಳ ಉಳಿಯುತ್ತದೆ. ಆದರೆ ಪ್ರತಿಸಲ ಕರಗಿಸುವಾಗಲೂ ಕಬ್ಬಿಣ ಕೂಡಿಕೊಳ್ಳಬಹುದು. ಆದಕಾರಣ ಕರಗಿಸುವ ಮುನ್ನವೇ ಬೇರ್ಪಡಿಸುವುದು ಮೇಲು.

ವಿದ್ಯಾರ್ಥಿಗಳು ಈ ತತ್ತ್ವವನ್ನು ಪ್ರಯೋಗಶಾಲೆಯಲ್ಲಿಯೇ ಕಾಣಬಹುದು. ಶುಚಿಗೊಳಿಸಿದ ಕಬ್ಬಿಣದ ಮೊಳೆಗೆ ಅಲ್ಯೂಮಿನಿಯಂ ತಂತಿಯನ್ನು ಬಿಗಿಯಾಗಿ ಸುತ್ತಿ, ಉಪ್ಪೂ ಫಿನಾಲ್ಫ್‌ಥಲೀನೂ ಬೆರೆಸಿದ ಅಗರ್ ಲೋಳೆಯಲ್ಲಿ ಇರಿಸಬೇಕು. ಸ್ವಲ್ಪ ಹೊತ್ತಿನಲ್ಲಿ ಮೊಳೆಯ ಬಳಿ ಗುಲಾಬಿ ಬಣ್ಣ ಮೂಡಿ, ಕ್ಷಾರ ಹುಟ್ಟುವ ಎಡೆಯನ್ನು ತೋರಿಸುತ್ತದೆ. ಲೋಹದೊಳಗಿನ ಕಣವೂ ಇಂಥದೇ ಒಂದು ಮೊಳೆ; ಗಾತ್ರ ಮಾತ್ರ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು.