ಐದು ಸೆಂಟಿಮೀಟರ್ ಕಿಂಡಿ

ಹದಿನೆಂಟು ವರ್ಷ ಹೃದಯದ ಆಪರೇಷನ್ ಮಾಡಿದ ನಮ್ಮ ಸರ್, ಆ ಸಂಜೆ ಥಿಯೇಟರ್ ಪಕ್ಕದ ಕೋಣೆಯಲ್ಲಿ ಕೂತು ಚಪ್ಪಲಿ ಡಬ್ಬಕ್ಕೆ ತೂತು ಕೊರೆಯುತ್ತಿದ್ದರು. ಡಬ್ಬದೊಳಗೆ ಮಾಂಸದಂಗಡಿಯಿಂದ ತರಿಸಿದ ಹಂದಿಯ ಹೃದಯ. ಅದರ ವಾಲ್ವ್ ಗಾತ್ರದಲ್ಲೂ ರಚನೆಯಲ್ಲೂ ಮನುಷ್ಯರದಕ್ಕೆ ಹತ್ತಿರ. "ಸಿಸ್ಟರ್, ಟೈಮ್ ನೋಡ್ತಾ ಇರಿ" ಅಂದರು. ಒಂದೇ ಒಂದು ಹೊಲಿಗೆ ಹಾಕಿ ಗಂಟು ಬಿಗಿಯಲು ಹನ್ನೊಂದು ನಿಮಿಷ ಹಿಡಿಯಿತು. ಎದೆ ತೆರೆದಾಗ ಅದೇ ಕೈಗೆ ಒಂದು ನಿಮಿಷ ಸಾಕಿತ್ತು.

ನಾನು ಸ್ಕ್ರಬ್ ನರ್ಸ್. ಇಪ್ಪತ್ತೆರಡು ವರ್ಷದಿಂದ ಸರ್ಜನ್‌ಗಳ ಕೈಗೆ ಉಪಕರಣ ಕೊಡುತ್ತಾ ಆ ಕೈಗಳನ್ನೇ ನೋಡಿದವಳು.

ನಮ್ಮಲ್ಲಿಗೆ ಬರುವವರಲ್ಲಿ ಹಳ್ಳಿಯ ಹೆಂಗಸರು ಬಹಳ. ಚಿಕ್ಕವರಿದ್ದಾಗ ಗಂಟಲು ನೋವಿನ ಬೆನ್ನಿಗೆ ಬಂದ ರುಮ್ಯಾಟಿಕ್ ಜ್ವರ, ಮೂವತ್ತರ ಹೊತ್ತಿಗೆ ಮೈಟ್ರಲ್ ವಾಲ್ವನ್ನು ಕೆಡಿಸಿರುತ್ತದೆ. ಹಳೆಯ ವಿಧಾನದಲ್ಲಿ ಎದೆಮೂಳೆಯನ್ನು ಗರಗಸದಿಂದ ಉದ್ದಕ್ಕೆ ಸೀಳಬೇಕು. ಅದು ಕೂಡಿಕೊಳ್ಳಲು ಆರೆಂಟು ವಾರ. ಅಲ್ಲಿಯವರೆಗೆ ನೀರಿನ ಕೊಡ ಎತ್ತುವಂತಿಲ್ಲ, ಮಗುವನ್ನು ಸೊಂಟಕ್ಕೇರಿಸುವಂತಿಲ್ಲ. ಹೊಸ ವಿಧಾನದಲ್ಲಿ ಮೂಳೆಯನ್ನು ಮುಟ್ಟುವುದಿಲ್ಲ. ಬಲಗಡೆ ಪಕ್ಕೆಲುಬುಗಳ ನಡುವೆ ಸುಮಾರು 5 ಸೆಂಟಿಮೀಟರ್ ಕಿಂಡಿ, ಕ್ಯಾಮೆರಾಕ್ಕೆ ಇನ್ನೊಂದು ಸಣ್ಣ ತೂತು. ಹೃದಯ ನಿಂತಿರುವಾಗ ರಕ್ತ ಹರಿಸುವ ಹಾರ್ಟ್-ಲಂಗ್ ಮಷೀನಿನ ಕೊಳವೆಗಳು ತೊಡೆಸಂದಿನ ರಕ್ತನಾಳಗಳಿಂದ ಒಳಹೋಗುತ್ತವೆ. ಫ್ರಾನ್ಸಿನ ಅಲೆನ್ ಕಾರ್ಪಾಂತಿಯೇ 1996ರಲ್ಲಿ ಕ್ಯಾಮೆರಾ ನೆರವಿನಿಂದ ಹೀಗೆ ಮೈಟ್ರಲ್ ವಾಲ್ವ್ ರಿಪೇರಿ ಮಾಡಿ ದಾರಿ ತೋರಿಸಿದರು.

ರೋಗಿಗೆ ಹಗುರವಾದದ್ದೆಲ್ಲ ಸರ್ಜನ್ ಕೈಗೆ ಭಾರವಾಗುತ್ತದೆ. ಬೆರಳು ವಾಲ್ವಿನವರೆಗೆ ಹೋಗುವುದಿಲ್ಲ. ಉದ್ದನೆಯ ಕಡ್ಡಿಯಂಥ ಉಪಕರಣಗಳಲ್ಲಿ ಹೊಲಿಯಬೇಕು, ಗಂಟನ್ನು ಹೊರಗೆ ಹಾಕಿ ನಾಟ್ ಪುಷರ್‌ನಿಂದ ಒಳಗೆ ತಳ್ಳಿ ಕೂರಿಸಬೇಕು. ಜಾಸ್ತಿ ಬಿಗಿದರೆ ಅಂಗಾಂಶ ಹರಿಯುತ್ತದೆ, ಸಡಿಲ ಬಿಟ್ಟರೆ ರಕ್ತ ಸೋರುತ್ತದೆ. ವಾಲ್ವಿನ ಸುತ್ತ ಇಂಥ ಹೊಲಿಗೆ ಹನ್ನೆರಡಾದರೂ ಬೇಕು, ಅಷ್ಟು ಹೊತ್ತೂ ಹೃದಯ ನಿಂತಿರುತ್ತದೆ. ಅದಕ್ಕೇ ಸರ್ ಎರಡು ತಿಂಗಳು ಡಬ್ಬದ ಮುಂದೆ ಕೂತರು. ಆಮೇಲೆ ಬೇರೆ ಊರಿನಲ್ಲಿ ಪಳಗಿದವರ ಪಕ್ಕ ನಿಂತು ನೋಡಿ ಬಂದರು. ಅವರಲ್ಲೊಬ್ಬರು ನಮ್ಮಲ್ಲಿಗೆ ಬಂದು ಮೊದಲೆರಡು ಆಪರೇಷನ್‌ಗಳಲ್ಲಿ ಜೊತೆಗಿದ್ದರು. ಆರಂಭಕ್ಕೆ ಸರ್ ಆರಿಸಿಕೊಂಡದ್ದು ತೆಳ್ಳಗಿನ, ಹೃದಯದ ಬಲ ಚೆನ್ನಾಗಿದ್ದ, ಹಿಂದೆ ಎದೆಯ ಆಪರೇಷನ್ ಆಗಿರದ ರೋಗಿಗಳನ್ನು ಮಾತ್ರ.

ಮೂರನೆಯದರಲ್ಲಿ ಆದದ್ದನ್ನು ನಾನು ಮರೆಯುವುದಿಲ್ಲ. ಸರ್ ಕಣ್ಣು ಪರದೆಯ ಮೇಲಿತ್ತು. ಆ ಮಷೀನಿನ ಪಂಪಿನ ಬಳಿ ಕೂತ ಹುಡುಗ, ನಮ್ಮ ಪರ್ಫ್ಯೂಷನಿಸ್ಟ್, ಚಡಪಡಿಸುತ್ತಿದ್ದ. ಮಷೀನಿಗೆ ವಾಪಸ್ ಬರುವ ರಕ್ತ ಕಡಿಮೆಯಾಗುತ್ತಿತ್ತು. ಎದೆ ತೆರೆದಿದ್ದರೆ ಹೃದಯ ಉಬ್ಬುವುದು ಎಲ್ಲರಿಗೂ ಕಾಣುತ್ತಿತ್ತು, ಯಾರೂ ಬಾಯಿ ಬಿಡಬೇಕಿರಲಿಲ್ಲ. ಇಲ್ಲಿ ಅದು ಗೊತ್ತಿದ್ದದ್ದು ಅವನೊಬ್ಬನಿಗೆ, ಅವನಿಗೋ ದೊಡ್ಡವರ ಕೆಲಸ ನಿಲ್ಲಿಸುವ ಧೈರ್ಯವಿಲ್ಲ. ಕೊನೆಗೆ ನಾನೇ "ಸರ್, ಪಂಪ್ ಕಡೆ ಕೇಳಿ" ಅಂದೆ. ಅನಸ್ತೇಶಿಯಾ ಮೇಡಂ ಎಕೋದಲ್ಲಿ ನೋಡಿದರೆ, ತೊಡೆಯಿಂದ ಹೋದ ಕೊಳವೆಯ ತುದಿ ಹಿಂದೆ ಸರಿದಿತ್ತು. ಸರಿಪಡಿಸಿದರು. ರೋಗಿಗೆ ಏನೂ ಆಗಲಿಲ್ಲ.

ಮಾರನೆಯ ದಿನ ಸರ್ ನಮ್ಮೆಲ್ಲರನ್ನೂ ಕೂರಿಸಿಕೊಂಡರು. "ನನಗೆ ಕಾಣದ್ದು ನಿಮಗೆ ಕಾಣುತ್ತೆ. ಕೇಳೋವರೆಗೂ ಕಾಯಬೇಡಿ" ಅಂದರು. ಆಮೇಲೆ ಅವರೇ ಒಂದು ಅಧ್ಯಯನದ ವಿಷಯ ಹೇಳಿದರು. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ ಮತ್ತು ಸಂಗಡಿಗರು ಇಂಥ ಆಪರೇಷನ್ ಕಲಿಯುತ್ತಿದ್ದ 16 ಆಸ್ಪತ್ರೆಗಳನ್ನು ಗಮನಿಸಿದ್ದರಂತೆ. ಬೇಗ ಕಲಿತ ತಂಡಗಳಲ್ಲಿ ಸರ್ಜನ್ ಹೆಚ್ಚು ಅನುಭವಿಯೇ ಆಗಿರಬೇಕಿರಲಿಲ್ಲ, ಉಳಿದವರು ಹೆದರದೆ ಮಾತಾಡುತ್ತಿದ್ದರು. ನನಗಿದು ಓದಿ ತಿಳಿಯಬೇಕಾದ ಸಂಗತಿಯೇ ಅಲ್ಲ. ಈಗ ಪಂಪ್ ಹುಡುಗ ಐದೈದು ನಿಮಿಷಕ್ಕೂ ವಾಪಸ್ ಬರುವ ರಕ್ತದ ಲೆಕ್ಕ ಜೋರಾಗಿ ಹೇಳುತ್ತಾನೆ.

ಜರ್ಮನಿಯ ಲೈಪ್‌ಜಿಗ್‌ನಲ್ಲಿ 17 ಸರ್ಜನ್‌ಗಳು ಮಾಡಿದ ಇಂಥ 3,895 ಆಪರೇಷನ್‌ಗಳ ಲೆಕ್ಕ 2013ರಲ್ಲಿ ಪ್ರಕಟವಾಯಿತು. ಕೈ ಪಳಗಲು ಸಾಮಾನ್ಯವಾಗಿ 75ರಿಂದ 125 ಆಪರೇಷನ್ ಬೇಕು, ಪಳಗಿದ್ದು ಉಳಿಯಲು ವಾರಕ್ಕೆ ಒಂದಕ್ಕಿಂತ ಹೆಚ್ಚು ಮಾಡುತ್ತಿರಬೇಕು ಎಂದಿತ್ತು. ನಿಮ್ಮವರಿಗೆ ಈ ಆಪರೇಷನ್ ಹೇಳಿದ್ದರೆ, ಎಷ್ಟು ಮಾಡಿದ್ದೀರಿ, ವಾರಕ್ಕೆಷ್ಟು ಅಂತ ಸರ್ಜನ್‌ರನ್ನು ಕೇಳಿ. ಸಂಕೋಚ ಬೇಡ.

ಹೃದಯ ಎಷ್ಟು ಹೊತ್ತು ನಿಂತಿತ್ತು ಎಂದು ನಾನೊಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮೊದಲನೆಯ ಸಾಲು 131 ನಿಮಿಷ. ಹದಿನಾಲ್ಕು ತಿಂಗಳ ಮೇಲೆ, ನಿನ್ನೆ, 61ನೆಯ ಸಾಲು: 84 ನಿಮಿಷ. ಸರ್ ಇಣುಕಿ ನೋಡಿದರು.

"ಎಪ್ಪತ್ತೈದಕ್ಕೆ ಇನ್ನೆಷ್ಟು, ಸಿಸ್ಟರ್?"

"ಹದಿನಾಲ್ಕು, ಸರ್."

"ಡಬ್ಬ ಎಲ್ಲಿಟ್ಟಿದ್ದೀರಿ?"