‘ಸರ್ವರ್ ಡೌನ್’ ಅಂದಾಗ ಎರಡನೇ ಮಷೀನು ಎಲ್ಲಿತ್ತು?

‘ಸರ್ವರ್ ಡೌನ್, ನಾಳೆ ಬನ್ನಿ.’ ರೇಷನ್ ಅಂಗಡಿಯಲ್ಲೋ ಬ್ಯಾಂಕ್ ಕೌಂಟರಿನಲ್ಲೋ ಈ ಮಾತು ಕೇಳದವರು ಕಡಿಮೆ. ಮಳೆ ಬಂತು ಅನ್ನೋ ಹಾಗೆ ಹೇಳ್ತಾರೆ, ಯಾರ ಹೊಣೆಯೂ ಅಲ್ಲ ಅನ್ನೋ ಹಾಗೆ. ಆದರೆ ಒಂದು ಯಂತ್ರ ಕೆಟ್ಟರೆ ಇನ್ನೊಂದು ಅದರ ಕೆಲಸ ಎತ್ತಿಕೊಳ್ಳುವ ವಿಧಾನವೊಂದು 1998ರಿಂದಲೇ ಎಲ್ಲರಿಗೂ ಸಿಗುವ ಹಾಗೆ ಬರೆದಿಟ್ಟಿದೆ. ಹೆಸರು ವಿಆರ್‌ಆರ್‌ಪಿ.

ಕಚೇರಿಯ ಕಂಪ್ಯೂಟರ್‌ಗಳೆಲ್ಲ ಹೊರಗಿನ ಸಂಪರ್ಕಕ್ಕೆ ಒಂದು ರೂಟರಿನ ಐಪಿ ವಿಳಾಸವನ್ನೇ ನಂಬಿರುತ್ತವೆ. ಅದು ಕೆಟ್ಟರೆ ಪಕ್ಕದಲ್ಲಿ ಇನ್ನೊಂದು ರೂಟರ್ ಇದ್ದೂ ಪ್ರಯೋಜನವಿಲ್ಲ, ಅದರ ವಿಳಾಸವೇ ಬೇರೆ. ಹಾಗಾಗಿ ವಿಳಾಸವನ್ನು ಒಂದೇ ಪೆಟ್ಟಿಗೆಗೆ ಕಟ್ಟಿಹಾಕದೆ ಎರಡಕ್ಕೂ ಸೇರಿದ್ದಾಗಿ ಮಾಡ್ತಾರೆ. ಇದೇ ವರ್ಚುವಲ್ ಐಪಿ. ಅಂಗಡಿಯ ಫೋನ್ ನಂಬರ್ ಇದ್ದಂತೆ: ಅಣ್ಣ ಎತ್ತಲಿ, ತಮ್ಮ ಎತ್ತಲಿ, ಗಿರಾಕಿಗೆ ನಂಬರ್ ಒಂದೇ.

ಹೆಚ್ಚಿನ ಆದ್ಯತೆ ಕೊಟ್ಟ ರೂಟರ್ ಕೆಲಸ ಮಾಡುತ್ತಾ, ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ‘ನಾನಿದ್ದೀನಿ’ ಅಂತ ಸಾರುತ್ತೆ. ಇನ್ನೊಂದು ಕಿವಿಗೊಟ್ಟು ಕೂತಿರುತ್ತೆ. 3 ಸೆಕೆಂಡಿನ ಮೇಲೆ ಚೂರು ಹೊತ್ತು ದನಿಯೇ ಬರದಿದ್ದರೆ, ಇನ್ನು ಈ ವಿಳಾಸ ನನ್ನದು ಅಂತ ಜಾಲಕ್ಕೆಲ್ಲ ಕೂಗಿ ಹೇಳುತ್ತೆ. ಕೌಂಟರಿನ ಮುಂದೆ ನಿಂತವರಿಗೆ ಗೊತ್ತೂ ಆಗಲ್ಲ.

ತೊಡಕು ಇರೋದು ಆ ಮೌನದಲ್ಲೇ. ಮೊದಲನೆಯದು ನಿಜಕ್ಕೂ ಸತ್ತಿದೆಯೋ, ನಡುವಿನ ಕೇಬಲ್ ಮಾತ್ರ ಕಿತ್ತಿದೆಯೋ ಎರಡನೆಯದಕ್ಕೆ ತಿಳಿಯದು. ಕೇಬಲ್ ಕಿತ್ತಿದ್ದರೆ ಎರಡೂ ‘ನಾನೇ ಯಜಮಾನ’ ಅನ್ನುತ್ತವೆ, ಜಾಲ ಗೊಂದಲಕ್ಕೆ ಬೀಳುತ್ತೆ. ಇದರ ತಿರುಗುಮುರುಗೂ ಉಂಟು. ಮೊದಲ ರೂಟರಿನ ಹೊರಗಿನ ಲೈನ್ ಸತ್ತಿರುತ್ತೆ, ಒಳಗೆ ಮಾತ್ರ ‘ನಾನಿದ್ದೀನಿ’ ಅಂತ ಹೇಳ್ತಾನೇ ಇರುತ್ತೆ. ಹೊರಗಿನ ಲೈನ್ ಮೇಲೂ ಕಣ್ಣಿಡು ಅಂತ ಮೊದಲೇ ಹೇಳಿಕೊಡದಿದ್ದರೆ ಬ್ಯಾಕಪ್ ಸುಮ್ಮನೆ ಕೂತಿರುತ್ತೆ.

ದುಡ್ಡಿನ ನೆಪ ಹೇಳೋರಿಗೆ ಒಂದು ಹಳೇ ಕಥೆ. ಈ ತಂತ್ರದ ಮೇಲೆ ಸಿಸ್ಕೋ ಪೇಟೆಂಟ್ ಹಕ್ಕಿನ ಮಾತೆತ್ತಿದಾಗ, ಓಪನ್‌ಬಿಎಸ್‌ಡಿ ಬಳಗ ಕಾರ್ಪ್ ಎಂಬ ತನ್ನದೇ ವಿಧಾನ ಬರೆದು 2004ರಲ್ಲಿ ಪುಕ್ಕಟೆ ಹಂಚಿತು.

ಡೇಟಾಬೇಸೇ ನಿಂತರೆ ವಿಳಾಸ ಬದಲಿಸಿ ಏನೂ ಆಗಲ್ಲ, ನಿಜ. ಆದರೆ ಟೆಂಡರಿನಲ್ಲಿ ಎರಡು ಮಷೀನು ಅಂತ ಬರೆದರೂ ಸಾಲದು. ಎರಡೂ ಒಂದೇ ಯುಪಿಎಸ್, ಒಂದೇ ಫೈಬರ್ ನಂಬಿದ್ದರೆ ಒಟ್ಟಿಗೇ ಮಲಗುತ್ತವೆ. ಮುಂದಿನ ಸಲ ‘ಸರ್ವರ್ ಡೌನ್’ ಅಂದಾಗ ಕೌಂಟರಿನವರ ಮೇಲೆ ರೇಗಬೇಡಿ, ಅವರ ಕೈಲಿ ಏನೂ ಇಲ್ಲ. ಮೇಲಿನವರನ್ನು ಕೇಳಿ: ಮೊದಲ ಮಷೀನಿನ ಪ್ಲಗ್ ಬೇಕಂತಲೇ ಕಿತ್ತು, ಎರಡನೆಯದು ಎದ್ದು ನಿಲ್ಲುತ್ತಾ ಅಂತ ಕೊನೇ ಸಲ ನೋಡಿದ್ದು ಯಾವ ತಾರೀಖು?